ಕ್ಯಾನಿನ ಗೋಣಿ ಅಂಗಿಯೊಡನೆ ಒಂದು ತಂಪು ಮಾತುಕತೆ

ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರು. ಬಂಡೀಪುರ ಕಾಡಿನ ಅಂಚು, ಏಪ್ರಿಲ್ ಬಿಸಿಲು. ಹತ್ತಿ ಹೊಲದ ಬದುವಿನಲ್ಲಿ ಹೊಂಗೆ ಕೊಂಬೆಗೆ ಐದು ಲೀಟರಿನ ನೀರಿನ ಕ್ಯಾನು ನೇತಾಡುತ್ತಿದೆ. ಅದರ ಮೈತುಂಬ ಒದ್ದೆ ಗೋಣಿಯ ಅಂಗಿ, ಕತ್ತಿಗೆ ಹುರಿ, ಬೆನ್ನಿಗೆ ಹಳೇ ಪಂಚೆಯ ತೇಪೆ. ಕ್ಯಾನು ಎಲ್ಲಿ ಎಂದು ಕೂಗುವವರೇ ಎಲ್ಲರೂ, ಅಂಗಿಯನ್ನು ಕೇಳಿದವರಿಲ್ಲ. ನಾವು ಕೇಳಿದೆವು.

ಪ್ರಶ್ನೆ: ತಮ್ಮ ಹುಟ್ಟೂರು?

ಗೋಣಿ: ನಾರು ಬಂಗಾಳದ್ದು, ನೇಯ್ದದ್ದು ಹೂಗ್ಲಿ ದಂಡೆಯ ಮಿಲ್ಲಲ್ಲಿ. ರೇಷನ್ ಅಕ್ಕಿ ಹೊತ್ಕಂಡು ಸೊಸೈಟಿಗೆ ಬಂದೆ. ಧಾನ್ಯಕ್ಕೆ ಸೆಣಬಿನ ಚೀಲನೇ ಆಗ್ಬೇಕು ಅಂತ 1987ರ ಕಾಯ್ದೆ ಅದೆ. ಅದಿಲ್ದಿದ್ರೆ ನಮ್ಮ ವಂಶನ ಮ್ಯೂಸಿಯಮ್ಮಲ್ಲಿ ನೋಡ್ಬೇಕಿತ್ತು.

ಪ್ರಶ್ನೆ: ಚೀಲ ಅಂಗಿಯಾದದ್ದು ಹೇಗೆ?

ಗೋಣಿ: ಅಜ್ಜಿ ಒಬ್ಬರು ದಬ್ಬಳ ಹಿಡ್ಕಂಡು ಕೂತ್ರು. ಕ್ಯಾನಿಗೆ ಸುತ್ತಿ, ಬೆರಳು ಆಡೋವಷ್ಟು ಸಡಿಲ ಬಿಟ್ಟು ಕತ್ತರಿಸಿದ್ರು. ತಳಕ್ಕೆ ದುಂಡು ತುಂಡು, ಹಿಡಿಗೆ ಒಂದು ಕಂಡಿ, ಒಳಗಡೆ ಪಂಚೆ ಬಟ್ಟೆ. ಪಂಚೆ ಬೇಗ ಒಣಗಲ್ಲ ನೋಡಿ. ಅಳತೆ ಟೇಪೂ ಇಲ್ಲ, ಟೈಲರೂ ಇಲ್ಲ.

ಪ್ರಶ್ನೆ: ನೀವೇನೋ ಫ್ರಿಜ್ಜಿಗೆ ಸಮ ಅಂತ ಹೇಳಿಕೊಳ್ಳುತ್ತೀರಂತೆ?

ಗೋಣಿ: ಕರೆಂಟು ಹೋದಾಗ ಅದಕ್ಕಿಂತ ಮೇಲೇ. ಒಂದು ಗ್ರಾಂ ನೀರು ಆವಿಯಾಗೋವಾಗ ಸುಮಾರು 580 ಕ್ಯಾಲೊರಿ ಶಾಖ ಎಳ್ಕತದೆ. ಅಷ್ಟೂ ಕ್ಯಾನಿಂದಲೇ ಬರಲ್ಲ, ಒಂದಷ್ಟು ಗಾಳಿ ಪಾಲು ಅನ್ನಿ. ಆದ್ರೂ ನೀರು ಗಂಟಲಿಗೆ ಹಿತವಾಯ್ತದೆ. ನೆರಳಿರ್ಬೇಕು, ಗಾಳಿ ಆಡ್ಬೇಕು, ಆಗಾಗ ನನ್ನ ಮೈ ನೆನೆಸ್ಬೇಕು. ಮುಂಗಾರು ಹಿಡಿದ್ರೆ ಗಾಳಿನೇ ಒದ್ದೆ, ಆಗ ನಂಗೆ ರಜೆ.

ಪ್ರಶ್ನೆ: ಯೂರಿಯಾ ಚೀಲ ತೊಡಿಸಿದರೆ ಆಗದೆ?

ಗೋಣಿ: ಅವನು ಪ್ಲಾಸ್ಟಿಕ್ಕು ಸ್ವಾಮಿ, ನೀರು ಹೀರಲ್ಲ. 2018ರಲ್ಲಿ ಅವನ ತೂಕ 50 ಕೆ.ಜಿ.ಯಿಂದ 45ಕ್ಕೆ ಇಳೀತು, ಜಂಬ ಇಳೀಲಿಲ್ಲ.

ಪ್ರಶ್ನೆ: ಪೇಟೆ ಹುಡುಗರು ತಂಪು ಪಾನೀಯದ ತಗಡಿನ ಕ್ಯಾನಿಗೆ ಹಳೇ ಸ್ವೆಟರ್ ತೋಳು ತೊಡಿಸುತ್ತಾರೆ. ಅದೂ ನಿಮ್ಮ ಬಳಗವೇ?

ಗೋಣಿ: ದಾಯಾದಿ. ಅವನ ಕೆಲಸ ಉಲ್ಟಾ. ಫ್ರಿಜ್ಜಿಂದ ಬಂದ ಕ್ಯಾನಿನ ಮೇಲೆ ಬೆವರು ಕೂರ್ತದಲ್ಲ, ಅದು ಗಾಳೀಲಿರೋ ಆವಿ. ನೀರಾಗೋವಾಗ ಬಿಸಿ ಬಿಟ್ಟು ಕೂರ್ತದೆ. 330 ಮಿ.ಲೀ. ಕ್ಯಾನಿನ ಮೇಲೆ 3 ಗ್ರಾಂ ಬೆವರು ಕೂತು ಆ ಬಿಸಿಯೆಲ್ಲ ಒಳಕ್ಕೆ ಇಳಿದ್ರೆ, ಕುಡಿಯೋದು 5 ಡಿಗ್ರಿ ಬೆಚ್ಚಗಾಯ್ತದೆ. ಅದಕ್ಕೇ ಅವನು ಒಣಗಿರ್ಬೇಕು, ಮೈಗೆ ಅಂಟಿರ್ಬೇಕು, ತಳ ಹೊಲಿದಿರ್ಬೇಕು. ನಾನು ಸಡಿಲ, ಒದ್ದೆ. ನಮ್ಮಿಬ್ಬರನ್ನ ಅದಲುಬದಲು ಮಾಡಿದ್ರೆ ಎರಡು ಮನೇನೂ ಹಾಳು.

ಪ್ರಶ್ನೆ: ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ಈ ಬೆವರಿನ ಬಿಸಿಯನ್ನೇ ಕ್ಯಾನಿಟ್ಟು ಅಳೆದು ಬರೆದಿದ್ದಾರೆ.

ಗೋಣಿ: ಅಳೆದ ಮೇಲೆ ಕುಡಿದೋರು ಯಾರು? ಅದನ್ನ ಬರೆದವ್ರಾ?

ಪ್ರಶ್ನೆ: ಸ್ವೆಟರ್ ತೋಳಿನ ಮೇಲೆ ನಿಮಗೆ ಮತ್ಸರ ಇದ್ದಂತಿದೆ.

ಗೋಣಿ: ಮತ್ಸರ ಅಲ್ಲ, ಬೇಜಾರು. ಜಾತ್ರೇಲಿ ಬಿಯರ್ ಕ್ಯಾನಿಗೂ ಅವನೇ. ಮಾವ ಎದುರಿಗೆ ಬಂದ್ರೆ ‘ಜ್ಯೂಸು ಮಾವಾ’. ಬಾಯಿ ವಾಸನೆಗೆ ಯಾವ ಅಂಗಿ ಹೊಲೀತಾರೆ? ಇನ್ನು ಕಬಿನಿ ದಂಡೆಯ ರೆಸಾರ್ಟ್‌ಗಳ ಕಡೆ ನಮ್ಮೋನೊಬ್ಬ ಹುಲಿ ಚಿತ್ರ ಬರೆಸ್ಕಂಡು ಶೋಕಿಗೆ ನಿಂತವ್ನೆ. ಇಲ್ಲಿ ನನಗೆ ಸಿಕ್ಕಿರೋ ಬಿರುದು ‘ಆ ಗೋಣಿ ಇತ್ಲಾಗೆ ಬಿಸಾಕು’.

ಪ್ರಶ್ನೆ: ಮುಂದಿನ ಗತಿ?

ಗೋಣಿ: ಹರಿದರೆ ಕಾಲೊರಸು. ಆನೆ ಹೊಲಕ್ಕೆ ಇಳಿದ ರಾತ್ರಿ ಪಂಜೂ ಆಗ್ಬೋದು.

ಪ್ರಶ್ನೆ: ಕೊನೆಯದಾಗಿ ಓದುಗರಿಗೆ?

ಗೋಣಿ: ಹತ್ತಿಗೆ ಹೊಡೆದ ಔಷಧಿ ಕ್ಯಾನು ಗಟ್ಟಿಯಾಗಿ ಅದೆ ಅಂತ ತೊಳೆದು ನೀರು ತುಂಬ್ತಾರೆ, ಮೇಲೆ ನನ್ನ ತೊಡಿಸ್ತಾರೆ. ಎಷ್ಟು ಉಜ್ಜಿದ್ರೂ ವಿಷ ಪ್ಲಾಸ್ಟಿಕ್ಕಿನ ಒಳಗೆ ಉಳ್ಕತದೆ. ಲೇಬಲ್ಲಲ್ಲಿ ವಿಷ ಅಂತ ಹೇಳೋ ಕೆಂಪು ತ್ರಿಕೋನ ನನ್ನ ಕೆಳಗೆ ಮುಚ್ಚೋಯ್ತದೆ, ಕೂಲಿಗೆ ಬಂದೋರ ಮಕ್ಕಳು ತಂಪಾಗಿ ಅದೆ ಅಂತ ಬಾಯಿಗೆ ಇಟ್ಕತವೆ. ಬಿಯರ್ ಮುಚ್ಚಿ, ಬೇಡ ಅನ್ನಲ್ಲ. ಔಷಧಿ ಕ್ಯಾನಿಗೆ ಮಾತ್ರ ನನ್ನ ತೊಡಿಸ್ಬೇಡಿ. ಇನ್ಯಾರೂ ಬಳಸದ ಹಾಗೆ ಅದಕ್ಕೆ ತೂತು ಹೊಡೀರಿ.