ಆಡದವನ ಆಟ: ಸೋಲಿನ ಮರುದಿನದ ಮೌಲ್ಯಮಾಪನ ಕುರಿತು ರಾಗಿಗುಡ್ಡ ಸಿದ್ಧಾಂತ

ಸೋತ ಫುಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವನು ಯಾರು ಎಂಬ ಪ್ರಶ್ನೆಗೆ ಶಾಸ್ತ್ರಸಮ್ಮತವಾದ ಉತ್ತರ ಒಂದೇ ಇದೆ: ಆಡದೇ ಇದ್ದವನು. ಇದು ಈ ಪ್ರಬಂಧದ ಪ್ರತಿಜ್ಞೆ. ಶಿವಮೊಗ್ಗದ ರಾಗಿಗುಡ್ಡದಲ್ಲಿ, ಬೆಂಗಳೂರು ಎಫ್‌ಸಿ ಸೋತ ಮರುದಿನ ಬೆಳಿಗ್ಗೆ ಟೀ ಅಂಗಡಿಯ ಮುಂದೆ ನಿಂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಇದನ್ನು ಬಳಸುತ್ತಲೇ ಬಂದಿದ್ದಾರೆ. ಆದರೆ ಬಳಕೆಯಲ್ಲಿರುವುದೆಲ್ಲ ಶಾಸ್ತ್ರವಾಗುವುದಿಲ್ಲ, ಅದಕ್ಕೆ ಪೂರ್ವಪಕ್ಷ, ಉತ್ತರಪಕ್ಷ ಬೇಕು, ಸಾಧ್ಯವಾದರೆ ಯಾರಾದರೂ ಸಿಟ್ಟಿಗೇಳಬೇಕು. ಕಂಠೀರವ ಕ್ರೀಡಾಂಗಣ ಇಲ್ಲಿಂದ ಸುಮಾರು 300 ಕಿಲೋಮೀಟರ್ ದೂರವಿದೆ, ಅಷ್ಟು ದೂರದಿಂದ ಆಟಗಾರರಿಗೆ ಅಂಕ ಹಾಕುವ ಅಧಿಕಾರ ಇವರಿಗೆಲ್ಲಿಂದ ಬಂತು ಎಂದು ಬೆಂಗಳೂರಿನವರು ಕೇಳುವುದುಂಟು. ದೂರವೇ ಅಧಿಕಾರದ ಮೂಲ. ಗ್ಯಾಲರಿಯಲ್ಲಿ ಕೂತವನಿಗೆ ಮುಂದಿನವನ ತಲೆ ಅಡ್ಡ ಬರುತ್ತದೆ, ಗೆರೆಯ ಮೇಲೆ ಓಡುವ ಲೈನ್ಸ್‌ಮನ್‌ಗೆ ಆಟಗಾರರೇ ಅಡ್ಡ ಬರುತ್ತಾರೆ. ರಾಗಿಗುಡ್ಡದವನಿಗೆ ಅಡ್ಡ ಬರುವುದು ಕರೆಂಟು ಹೋಗುವುದೊಂದೇ. ಅದೂ ನಷ್ಟವಲ್ಲ. ಪ್ರತ್ಯಕ್ಷ ಪ್ರಮಾಣ ಕೈಕೊಟ್ಟಲ್ಲಿ ಅನುಮಾನ ಪ್ರಮಾಣ ಶುರುವಾಗುತ್ತದೆ. ಕರೆಂಟು ಹೋದಾಗ ಬಿದ್ದ ಗೋಲಿನ ಬಗ್ಗೆ ಇಲ್ಲಿರುವಷ್ಟು ಖಚಿತವಾದ ಅಭಿಪ್ರಾಯ ಅದನ್ನು ಕಣ್ಣಾರೆ ಕಂಡವರಲ್ಲೂ ಇರುವುದಿಲ್ಲ.

ಮೊದಲು ಅಂಕ ಹಾಕುವ ಕ್ರಮವನ್ನು ನೋಡಬೇಕು. ಪೂರ್ಣಾಂಕ ಹತ್ತು. ಎಸ್ಸೆಸ್ಸೆಲ್ಸಿಯ ಹಳೆಯ ಮೂವತ್ತೈದರ ಸಂಪ್ರದಾಯದಂತೆ ಮೂರೂವರೆ ಬಂದರೆ ಪಾಸು. ಇಲ್ಲಿಯವರೆಗೆ ವಿವಾದವಿಲ್ಲ. ಸೂಕ್ಷ್ಮ ಇರುವುದು ದಿಕ್ಕಿನಲ್ಲಿ: ತಂಡ ಗೆದ್ದಾಗ ಎಣಿಕೆ ಸೊನ್ನೆಯಿಂದ ಮೇಲಕ್ಕೇರುತ್ತದೆ, ಸೋತಾಗ ಹತ್ತರಿಂದ ಕೆಳಕ್ಕಿಳಿಯುತ್ತದೆ. ಗೆದ್ದ ದಿನ ಒಳ್ಳೆಯದಕ್ಕೆಲ್ಲ ಕೂಡಿಸುತ್ತೇವೆ, ಸೋತ ದಿನ ಕೆಟ್ಟದ್ದಕ್ಕೆಲ್ಲ ಕಳೆಯುತ್ತೇವೆ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಐಎಸ್‌ಎಲ್ ಫೈನಲ್ಲನ್ನು ಈ ಕ್ರಮದಲ್ಲಿ ಪರೀಕ್ಷಿಸಬಹುದು. ಲೀಗ್ ಹಂತದಲ್ಲಿ ಬೆಂಗಳೂರು 40 ಪಾಯಿಂಟ್ ಗಳಿಸಿ ಮೊದಲ ಸ್ಥಾನದಲ್ಲಿತ್ತು, ಚೆನ್ನೈಯಿನ್ ಎಂಟು ಪಾಯಿಂಟ್ ಹಿಂದಿತ್ತು. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಹೆಡ್ಡರ್ ಗೋಲು ಹೊಡೆದರು. ಆಮೇಲೆ 17 ಮತ್ತು 45ನೇ ನಿಮಿಷಗಳಲ್ಲಿ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರ್ ಕಿಕ್‌ಗಳಿಗೆ ಎರಡು ಸಲ ತಲೆ ಕೊಟ್ಟರು, 67ಕ್ಕೆ ರಫಾಯೆಲ್ ಆಗುಸ್ಟೊ ಮೂರನೆಯದನ್ನು ಸೇರಿಸಿದರು. ಹೆಚ್ಚುವರಿ ಸಮಯದ ಎರಡನೇ ನಿಮಿಷದಲ್ಲಿ ಮಿಕು ಹೊಡೆದ ಗೋಲಿನಿಂದ ಲೆಕ್ಕ 3-2 ಆಯಿತು, ಫಲಿತಾಂಶ ಬದಲಾಗಲಿಲ್ಲ. ಈಗ ಆಲ್ವೆಸ್ ಅವರ ಮೊದಲ ಹೆಡ್ಡರ್‌ಗೆ ಹೊಣೆ ಯಾರು? ಅವರ ಪಕ್ಕ ನಿಂತಿದ್ದ ಡಿಫೆಂಡರ್. ಅವನೊಬ್ಬನೇ ಅಲ್ಲ, ಕಾರ್ನರ್ ಬಿಟ್ಟುಕೊಟ್ಟವನೂ. ಚೆಂಡನ್ನು ಅಲ್ಲಿಯವರೆಗೆ ಬರಲು ಬಿಟ್ಟವನೂ, ಅದಕ್ಕೂ ಮೊದಲು ಮಿಡ್‌ಫೀಲ್ಡಿನಲ್ಲಿ ಚೆಂಡು ಕಳೆದುಕೊಂಡವನೂ. ಗೋಲ್‌ಕೀಪರ್ ಮುಂದೆ ಬಂದಿದ್ದರೆ ಯಾಕೆ ಬಂದ, ಬರದಿದ್ದರೆ ಯಾಕೆ ಬರಲಿಲ್ಲ. ಹೀಗೆ ಕಾರಣದ ಹಿಂದೆ ಕಾರಣ ಹುಡುಕುತ್ತಾ ಹೋದರೆ ತಾರ್ಕಿಕರು ಹೆದರುವ ಅನವಸ್ಥಾ ದೋಷ ಬರುತ್ತದೆ. ರಾಗಿಗುಡ್ಡದವರು ಅದಕ್ಕೆ ಹೆದರುವುದಿಲ್ಲ, ಟೀ ಬರುವವರೆಗೆ ಹೊತ್ತು ಹೋಗಬೇಕಲ್ಲ. ಛೆಟ್ರಿಗೂ ವಿನಾಯಿತಿ ಇಲ್ಲ: ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದು ಉಳಿದವರನ್ನು ಮೈಮರೆಸಿದ್ದು ಯಾರು? ಮಿಕುಗೂ ಇಲ್ಲ: ಕೊನೆಯಲ್ಲಿ ಹೊಡೆಯಲು ಬರುತ್ತಿದ್ದರೆ ಹತ್ತು ನಿಮಿಷ ಮೊದಲೇ ಹೊಡೆಯಲು ಏನಾಗಿತ್ತು? ಮೈದಾನಕ್ಕಿಳಿದ ಒಬ್ಬನಿಗೂ ಹತ್ತು ಉಳಿಯುವುದಿಲ್ಲ. ಬೆಂಚಿನ ಮೇಲೆ ಟ್ರ್ಯಾಕ್‌ಸೂಟ್ ಹಾಕಿ ಕೂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವನು ಮಾತ್ರ ಕಾರ್ನರ್ ಬಿಟ್ಟುಕೊಡಲಿಲ್ಲ, ಪಾಸ್ ತಪ್ಪಿಸಲಿಲ್ಲ, ಯಾರ ಪಕ್ಕದಲ್ಲೂ ನಿದ್ದೆ ಮಾಡಲಿಲ್ಲ. ಕಳೆಯಲು ಏನೂ ಇಲ್ಲದ ಕಾರಣ ಅವನಿಗೆ ಹತ್ತಕ್ಕೆ ಹತ್ತು.

ಇದನ್ನು ಬರೀ ಅಂಕಗಣಿತದ ಚಮತ್ಕಾರ ಎಂದುಕೊಳ್ಳುವವರು ನಮ್ಮ ನೈಯಾಯಿಕರನ್ನು ಓದಿಲ್ಲ. ಇಲ್ಲದಿರುವುದೂ ಒಂದು ಪದಾರ್ಥ ಎಂದು ನ್ಯಾಯ–ವೈಶೇಷಿಕರು ಬಹಳ ಹಿಂದೆಯೇ ಒಪ್ಪಿದ್ದಾರೆ. ನೆಲದ ಮೇಲೆ ಗಡಿಗೆ ಇಲ್ಲದಿದ್ದರೆ ಕಾಣುವುದು ಬರೀ ನೆಲವಲ್ಲ, ಗಡಿಗೆಯ ಅಭಾವವೂ ಕಾಣುತ್ತದೆ ಎಂಬುದು ಅವರ ವಾದ. ಅದರ ಮೇಲೆ ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಇನ್ನೂ ಹುಟ್ಟದ್ದರ ಪ್ರಾಗಭಾವ, ನಾಶವಾದದ್ದರ ಪ್ರಧ್ವಂಸಾಭಾವ, ಎಂದೂ ಇಲ್ಲದ್ದರ ಅತ್ಯಂತಾಭಾವ, ಒಂದು ಇನ್ನೊಂದಲ್ಲ ಎಂಬ ಅನ್ಯೋನ್ಯಾಭಾವ. ಫುಟ್‌ಬಾಲ್ ಅವರ ಕಾಲದಲ್ಲಿ ಇದ್ದಿದ್ದರೆ ಗಡಿಗೆಯ ಉದಾಹರಣೆಯ ಅಗತ್ಯವೇ ಬೀಳುತ್ತಿರಲಿಲ್ಲ. ‘ಅವನನ್ನು ಅರ್ಧ ಗಂಟೆ ಮೊದಲೇ ಇಳಿಸಬೇಕಿತ್ತು’ ಎಂದು ಯಾರಾದರೂ ಹೇಳಿದರೆ ಅದು ಪ್ರಾಗಭಾವದ ಮಾತು. ಬದಲಿ ಆಟಗಾರ ಇಳಿದ ಕ್ಷಣವೇ ಆ ಅಭಾವ ನಾಶವಾಗುತ್ತದೆ, ಅದರೊಂದಿಗೆ ಅವನ ಅಂಕವೂ. ಸತ್ತ ಎಮ್ಮೆ ಹಾಲು ಜಾಸ್ತಿ ಕೊಡುತ್ತಿತ್ತು ಎನ್ನುವ ಹಳ್ಳಿಯವರು ಪ್ರಧ್ವಂಸಾಭಾವವನ್ನು ಯಾವ ಗುರುವಿನ ಸಹಾಯವೂ ಇಲ್ಲದೆ ಕಂಡುಕೊಂಡವರು. ಇನ್ನು 2016ರ ನವೆಂಬರ್ 5ರ ದೋಹಾ. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರಿನೊಂದಿಗೆ ಬೆಂಗಳೂರು ಅಲ್ಲಿಗೆ ಹೋಗಿತ್ತು. ಮೊದಲ ಆಯ್ಕೆಯ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಿನಲ್ಲಿದ್ದರು, ರಾಲ್ಟೆ ನಿಂತರು. ಇರಾಕಿನ ಅಲ್ ಕುವಾ ಅಲ್ ಜಾವಿಯಾ ಪರ ಹಮ್ಮಾದಿ ಅಹ್ಮದ್ 71ನೇ ನಿಮಿಷಕ್ಕೆ ಒಂದೇ ಗೋಲು ಹೊಡೆದರು, ಕಪ್ ಹೋಯಿತು. ರಾಲ್ಟೆ ಆ ರಾತ್ರಿ ಒಂದು ಚೆಂಡನ್ನು ಒಳಗೆ ಬಿಟ್ಟರು. ಆಡದ ಅಮರಿಂದರ್ ಒಂದನ್ನೂ ಬಿಡಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಹೋಲಿಕೆ ಎಲ್ಲಿದೆ? ಆದರೆ ಅಮಾನತು ಯಾವ ಅಭಾವ ಎಂಬುದು ತೊಡಕು. ಆಟಗಾರ ಮೊದಲೂ ಇದ್ದ, ಆಮೇಲೂ ಇರುತ್ತಾನೆ, ನಡುವೆ ಮಾತ್ರ ಇಲ್ಲ. ಕೆಲವು ತಾರ್ಕಿಕರು ಸಾಮಯಿಕಾಭಾವ ಎಂಬ ಐದನೆಯದನ್ನು ಹೇಳಿದ್ದಾರೆ. ಉಳಿದವರು ಅದನ್ನು ಒಪ್ಪದಿರಲು ಕಾರಣ ಆಗಿನ್ನೂ ಹಳದಿ ಕಾರ್ಡು ಬಂದಿರಲಿಲ್ಲ ಎಂಬುದೇ ಇರಬೇಕು.

ಪ್ರಧ್ವಂಸಾಭಾವಕ್ಕೆ ಜಾಗತಿಕ ಮಟ್ಟದ ಸಾಕ್ಷಿಯೂ ಇದೆ. 2014ರ ಜುಲೈ 8ರಂದು ಬೆಲೊ ಹೊರಿಜೊಂಟೆಯಲ್ಲಿ ಜರ್ಮನಿ ಬ್ರೆಜಿಲ್ ತಂಡವನ್ನು 7-1ರಿಂದ ಹೊಸಕಿದಾಗ ನೇಮರ್ ಬೆನ್ನಿಗೆ ಪೆಟ್ಟಾಗಿ ಹೊರಗಿದ್ದರು, ತಿಯಾಗೊ ಸಿಲ್ವಾ ಕಾರ್ಡಿನ ಕಾರಣ ಹೊರಗಿದ್ದರು. ರಾಷ್ಟ್ರಗೀತೆಯ ಹೊತ್ತಿಗೆ ಬ್ರೆಜಿಲ್ ಆಟಗಾರರು ನೇಮರ್ ಅವರ ಅಂಗಿಯನ್ನು ಎತ್ತಿ ಹಿಡಿದು ನಿಂತದ್ದನ್ನು ಜಗತ್ತೇ ನೋಡಿತು. ಬೇರೆಯವರು ಇದನ್ನು ಭಾವುಕತೆ ಎಂದರು. ಶಾಸ್ತ್ರದ ದೃಷ್ಟಿಯಲ್ಲಿ ಅದು ಪಂದ್ಯ ಶುರುವಾಗುವ ಮೊದಲೇ ನಡೆದ ಪಂದ್ಯಪುರುಷೋತ್ತಮ ಪ್ರಶಸ್ತಿ ಪ್ರದಾನ. ನಮ್ಮ ಕಡೆಯ ಉದಾಹರಣೆ ಇನ್ನೂ ಸೂಕ್ಷ್ಮ. 2023ರ ಮಾರ್ಚ್ 18ರಂದು ಗೋವಾದ ಫತೋರ್ದಾದಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧದ ಫೈನಲ್ ಶುರುವಾಗಿ ಕೆಲವೇ ನಿಮಿಷಕ್ಕೆ ಯುವ ಸ್ಟ್ರೈಕರ್ ಶಿವಶಕ್ತಿ ಪೆಟ್ಟಾಗಿ ಹೊರನಡೆದರು, ಬೆಂಚಿನಲ್ಲಿದ್ದ ಛೆಟ್ರಿ ಒಳಬಂದರು. ಒಂದೇ ಗಳಿಗೆಯಲ್ಲಿ ಒಬ್ಬರು ಭಾವದಿಂದ ಅಭಾವಕ್ಕೂ ಇನ್ನೊಬ್ಬರು ಅಭಾವದಿಂದ ಭಾವಕ್ಕೂ ದಾಟಿದರು, ಅಂಕಗಳೂ ಅದೇ ಬಾಗಿಲಲ್ಲಿ ಅದಲುಬದಲಾದವು. ಅದೇ ಪಂದ್ಯದಲ್ಲಿ ರಾಯ್ ಕೃಷ್ಣ ಅವರದ್ದು ಇನ್ನೊಂದು ಕಥೆ. ಹದಿನಾಲ್ಕನೇ ನಿಮಿಷಕ್ಕೆ ಅವರ ಕೈಗೆ ಚೆಂಡು ತಾಗಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು, 78ಕ್ಕೆ ಅವರೇ ತಲೆಯಿಂದ ಗೋಲು ಹೊಡೆದು ತಂಡಕ್ಕೆ 2-1ರ ಮುನ್ನಡೆ ಕೊಟ್ಟರು. ಪೂರ್ತಿ ಆಟಗಾರನಿಗೆ ಒಂದೇ ಅಂಕ ಹಾಕುವ ಪದ್ಧತಿಯ ದೌರ್ಬಲ್ಯ ಇಲ್ಲಿ ಬಯಲಾಗುತ್ತದೆ. ಕೈಗೆ ಎರಡು, ತಲೆಗೆ ಎಂಟು ಎಂದು ಅವಯವವಾರು ಹಾಕಿದರೆ ಸರಾಸರಿ ಐದು ಬರುತ್ತದೆ, ಅದು ಯಾವ ಅಂಗಕ್ಕೂ ಸೇರಿದ್ದಲ್ಲ. ಕೊನೆಗೆ 2-2 ಆಗಿ, ಶೂಟೌಟಿನಲ್ಲಿ ಬ್ರೂನೊ ರಾಮಿರೆಸ್ ಹೊಡೆದದ್ದನ್ನು ವಿಶಾಲ್ ಕೈತ್ ತಡೆದು, ಪಾಬ್ಲೊ ಪೆರೆಜ್ ಹೊಡೆದದ್ದು ಕಂಬದ ಮೇಲಿಂದ ಹೋಗಿ, 4-3ರಲ್ಲಿ ಕಪ್ ಕಲ್ಕತ್ತೆಗೆ ಹೋಯಿತು. ಶಿವಶಕ್ತಿ ಪೆನಾಲ್ಟಿ ಹೊಡೆದಿದ್ದರೆ ಒಳಗೇ ಹೋಗುತ್ತಿತ್ತು. ಇದನ್ನು ಅಲ್ಲಗಳೆಯಲು ಇಂದಿಗೂ ಯಾರ ಬಳಿಯೂ ಪುರಾವೆ ಇಲ್ಲ.

ಅನ್ಯೋನ್ಯಾಭಾವವನ್ನು ಫುಟ್‌ಬಾಲಿಗೆ ಅನ್ವಯಿಸುವುದು ಅಸಾಧ್ಯ ಎಂದು ತಿಳಿದಿದ್ದವರ ಬಾಯಿ 2025ರ ಏಪ್ರಿಲ್ 12ರಂದು ಮುಚ್ಚಿತು. ಕೋಲ್ಕತ್ತದ ಸಾಲ್ಟ್‌ಲೇಕ್ ಮೈದಾನದಲ್ಲಿ ಮತ್ತೆ ಫೈನಲ್, ಮತ್ತೆ ಮೋಹನ್ ಬಾಗಾನ್. ಬೆಂಗಳೂರಿಗೆ ಆ ರಾತ್ರಿ ದಕ್ಕಿದ್ದು ಒಂದೇ ಗೋಲು, 49ನೇ ನಿಮಿಷದಲ್ಲಿ. ಹೊಡೆದವರು ಆಲ್ಬರ್ಟೊ ರೊಡ್ರಿಗೆಸ್, ಮೋಹನ್ ಬಾಗಾನ್‌ನ ಡಿಫೆಂಡರ್! ಉಡುಗೊರೆ ಗೋಲು. ಆಮೇಲೆ ಕಮಿಂಗ್ಸ್ ಪೆನಾಲ್ಟಿಯಿಂದ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಮೆಕ್ಲಾರೆನ್ 2-1 ಮಾಡಿದರು. ಬೆಂಗಳೂರಿನ ಪರ ಆಡಿದ ಯಾರಿಗೂ ಆಗದ್ದನ್ನು ಬೆಂಗಳೂರಿನ ಪರ ಆಡದವನೊಬ್ಬ ಮಾಡಿಕೊಟ್ಟ. ಈ ಸಿದ್ಧಾಂತಕ್ಕೆ ದೈವವೇ ಕಳಿಸಿದ ಸಾಕ್ಷಿ ಇದು. ಆ ಪಂದ್ಯದ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ರೊಡ್ರಿಗೆಸ್ ಅವರಿಗೇ ಸಲ್ಲಬೇಕು. ಉಳಿದ ಹೊತ್ತಿನಲ್ಲಿ ತಮ್ಮ ತಂಡದ ಪರವಾಗಿಯೂ ಆಡಿದ್ದಕ್ಕೆ ಒಂದೂವರೆ ಅಂಕ ಕಡಿತ ನ್ಯಾಯವೇ.

ಇನ್ನು ಆಕ್ಷೇಪಗಳು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷಕ್ಕೆ ರಾಹುಲ್ ಭೆಕೆ ಹೆಡ್ಡರ್ ಹೊಡೆದು ಬೆಂಗಳೂರಿಗೆ ಐಎಸ್‌ಎಲ್ ಕಪ್ ತಂದುಕೊಟ್ಟರು, ಅವರು ಆಡಿದವರೇ ಅಲ್ಲವೇ ಎನ್ನುತ್ತಾರೆ. ಹೌದು, ಆದರೆ ಅಂದು ತಂಡ ಗೆದ್ದಿತ್ತು, ಎಣಿಕೆ ಮೇಲ್ಮುಖವಾಗಿತ್ತು, ಇದು ಅಪ್ರಸ್ತುತ. ಭದ್ರಾವತಿಯಿಂದ ಬರುವ ಆಕ್ಷೇಪ ಗಟ್ಟಿಯಾದದ್ದು, ಉಕ್ಕಿನ ಊರಲ್ಲವೇ. ಅಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1980ರ ಫೆಬ್ರುವರಿಯಲ್ಲಿ ಬಾಂಬೆಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟಿಗೆ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿದ ಮೇಲೂ ಅವರನ್ನು ವಾಪಸ್ ಕರೆದರು. ಟೇಲರ್ 43 ಹೊಡೆದು ಇಯಾನ್ ಬೋಥಮ್ ಜೊತೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆಟ ಬೇರೆಯಾದರೂ ಪ್ರಶ್ನೆ ಒಂದೇ: ಆಡಿ ಸೋತ ನಾಯಕನನ್ನು ಜನ ಇಂದಿಗೂ ಹೊಗಳುತ್ತಾರಲ್ಲ, ಇದಕ್ಕೇನು ಹೇಳುತ್ತೀರಿ? ಉತ್ತರ ಇದೆ. ವಿಶ್ವನಾಥ್ ಅಂದು ಮಾಡಿದ್ದು ಬಿದ್ದ ವಿಕೆಟ್ಟನ್ನು ಬೀಳದ ವಿಕೆಟ್ಟಾಗಿಸಿದ ಕೆಲಸ. ಇದ್ದದ್ದನ್ನು ಇಲ್ಲವಾಗಿಸಿದರು, ಅಂದರೆ ಮೈದಾನದ ನಡುವೆ ನಿಂತು ಅಭಾವವನ್ನೇ ಉತ್ಪಾದಿಸಿದರು. ಹೊಗಳಿಕೆ ಸಲ್ಲುವುದು ಅದಕ್ಕೆ. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ, ಎರಡನೇ ಇನಿಂಗ್ಸಿನಲ್ಲಿ 137 ಹೊಡೆದದ್ದನ್ನು ಮುಂದಿಟ್ಟರೆ, ಮೊದಲ ಇನಿಂಗ್ಸಿನಲ್ಲಿ ಆಡದೇ ಉಳಿಸಿಕೊಂಡ ಶಕ್ತಿಯ ಫಲ ಅದು ಎಂದಷ್ಟೇ ಹೇಳಬಹುದು. ಈ ಉತ್ತರ ಸ್ವಲ್ಪ ಎಳೆದು ತಂದಂತಿದೆ ಎಂಬುದು ನಿಜ, ಆದರೆ ಭಾಷ್ಯಕಾರರು ಇದಕ್ಕಿಂತ ದೂರದಿಂದ ಎಳೆದು ತಂದದ್ದುಂಟು.

ಕೋಚ್ ಕೂಡ ಆಡುವುದಿಲ್ಲ, ಅವನಿಗೇಕೆ ಸೊನ್ನೆ? ಬೇರೆ ಹನ್ನೊಂದು ಮಂದಿಯನ್ನು ಆಡಿಸಿದ ಪಾಪ ಅವನ ಮೇಲಿದೆ. ಅದಕ್ಕಿಂತ ಹರಿತವಾದದ್ದು ಕೊನೆಯ ಆಕ್ಷೇಪ: ರಾಗಿಗುಡ್ಡದ ಅಭಿಮಾನಿ ಅತ್ಯಂತಾಭಾವ, ಅವನು ಆಡಲಿಲ್ಲ, ಆಡುತ್ತಿಲ್ಲ, ಮುಂದೆಯೂ ಆಡುವ ಲಕ್ಷಣವಿಲ್ಲ. ಹಾಗಾದರೆ ಎಲ್ಲರಿಗಿಂತ ಹೆಚ್ಚು ಅಂಕ ಅವನಿಗೇ ಬರಬೇಕಲ್ಲವೇ? ತರ್ಕದ ಪ್ರಕಾರ ಬರಬೇಕು. ಆದರೆ ಮೌಲ್ಯಮಾಪಕರು ತಮ್ಮ ಉತ್ತರಪತ್ರಿಕೆಯನ್ನು ತಾವೇ ತಿದ್ದುವಂತಿಲ್ಲ. ಆದ್ದರಿಂದ ಒಬ್ಬ ಪಕ್ಕದವನಿಗೆ ಹತ್ತು ಕೊಡುತ್ತಾನೆ, ‘ನೀನು ಹೇಳಿದ್ದೇ ಸರಿ ಮಾರಾಯಾ, ನಿನ್ನನ್ನೇ ಕೋಚ್ ಮಾಡಬೇಕಿತ್ತು’ ಎನ್ನುತ್ತಾನೆ. ಪಕ್ಕದವನು ಅದನ್ನು ಅಷ್ಟೇ ಮರ್ಯಾದೆಯಿಂದ ಹಿಂದಿರುಗಿಸುತ್ತಾನೆ. ಎರಡನೇ ಟೀ ಬರುವ ಹೊತ್ತಿಗೆ ಈ ವಿನಿಮಯ ಮುಗಿದಿರುತ್ತದೆ, ದುಡ್ಡು ಯಾರು ಕೊಡಬೇಕೆಂಬ ಚರ್ಚೆ ಬಾಕಿ ಇರುತ್ತದೆ.

ಸಿದ್ಧಾಂತಕ್ಕೆ ನಿಜವಾದ ಸಂಕಟ ತಂದಿಟ್ಟವರು ಛೆಟ್ರಿ. ಪ್ರಧ್ವಂಸಾಭಾವಕ್ಕೆ ಆದಿ ಇದೆ, ಅಂತ್ಯವಿಲ್ಲ ಎಂಬುದು ಶಾಸ್ತ್ರ. ಒಡೆದ ಗಡಿಗೆ ಮತ್ತೆ ಕೂಡುವುದಿಲ್ಲ. 2024ರ ಜೂನ್ 6ರಂದು ಕುವೈತ್ ವಿರುದ್ಧ ಗೋಲಿಲ್ಲದ ಪಂದ್ಯ ಆಡಿ ಅವರು ಅಂತರರಾಷ್ಟ್ರೀಯ ಫುಟ್‌ಬಾಲ್ ಬಿಟ್ಟರು. ಆ ವರ್ಷ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಅವರಿಲ್ಲದ ಒಂದೊಂದು ಪಂದ್ಯಕ್ಕೂ ಅವರ ಖಾತೆಗೆ ಹತ್ತು ಅಂಕ ಜಮಾ ಆಗುತ್ತಾ ಹೋಯಿತು. ಹೀಗಿರುವಾಗ 2025ರ ಮಾರ್ಚ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ನಿವೃತ್ತಿ ಹಿಂತೆಗೆದುಕೊಂಡು ಅವರು ಮರಳಿದರು. 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಹೆಡ್ಡರ್ ಗೋಲು ಹೊಡೆದರು, ಭಾರತ 3-0ರಿಂದ ಗೆದ್ದಿತು, ಎಣಿಕೆ ಮೇಲ್ಮುಖವಾಗಿದ್ದರಿಂದ ತೊಂದರೆಯಾಗಲಿಲ್ಲ. 25ರಂದು ಅದೇ ಊರಿನಲ್ಲಿ ಬಾಂಗ್ಲಾದೇಶದ ಮೇಲೆ ಗೋಲಿಲ್ಲದೆ ಡ್ರಾ ಆಯಿತು. ಮನೆಯಲ್ಲಿದ್ದಾಗ ಯಾರ ಮೇಲೆ ಬೇಕಾದರೂ ಗೋಲು ಹೊಡೆಯುತ್ತಿದ್ದ ಮನುಷ್ಯ ಮೈದಾನಕ್ಕೆ ಬಂದ ಮೇಲೆ ಬಾಂಗ್ಲಾದೇಶದ ಮೇಲೂ ಹೊಡೆಯಲಿಲ್ಲ. ಈ ವಿರೋಧಾಭಾಸವನ್ನು ಪರಿಹರಿಸಲು ರಾಗಿಗುಡ್ಡದ ನವ್ಯ ತಾರ್ಕಿಕರು ಒಂದು ದಾರಿ ಹುಡುಕಿದ್ದಾರೆ: ಮರಳಿ ಬಂದವರು ಬೇರೆ ಛೆಟ್ರಿ, ನಿವೃತ್ತರಾದ ಛೆಟ್ರಿ ಇನ್ನೂ ನಿವೃತ್ತರಾಗಿಯೇ ಇದ್ದಾರೆ. ಅಂಕಪಟ್ಟಿಯಲ್ಲಿ ಇಬ್ಬರ ಹೆಸರೂ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ, ಮನೆಯಲ್ಲಿರುವವರಿಗೆ ಹತ್ತು, ಮೈದಾನದಲ್ಲಿರುವವರಿಗೆ ಐದೂವರೆ. ಪೆನಾಲ್ಟಿ ಸಿಕ್ಕಿದರೆ ಇಬ್ಬರಲ್ಲಿ ಯಾರು ಹೊಡೆಯಬೇಕು ಎಂಬುದೊಂದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.