ಗೃಹಸ್ಥನ ಇನ್‌ಬಾಕ್ಸ್ ಮತ್ತು ಅದರ ಪಾಠಾಂತರಗಳು

ಮನೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕೂಡಿಬಿದ್ದ ಇ-ಮೇಲ್‌ಗಳನ್ನು ಪೆನ್‌ಡ್ರೈವಿಗೆ ಇಳಿಸಿಡುವ ವಿಧಿಯನ್ನು ಕುರಿತು ಬಂದಿರುವ ಸಾಹಿತ್ಯ ಬಹುಮಟ್ಟಿಗೆ ಕರ್ಮಕಾಂಡಕ್ಕೆ ಸೇರಿದ್ದು. ಯಾವ ಮೆನು ಒತ್ತಬೇಕು, ಯಾವ ಫೋಲ್ಡರ್ ಹುಡುಕಬೇಕು, ಎಲ್ಲಿ ‘ಓಕೆ’ ಅನ್ನಬೇಕು ಎಂಬಲ್ಲಿಗೆ ಅದು ಮುಗಿಯುತ್ತದೆ. ಜ್ಞಾನಕಾಂಡದ ಕಡೆ ವಿದ್ವಾಂಸರ ಗಮನ ಹರಿದಂತಿಲ್ಲ. ಆ ಕೊರತೆಯನ್ನು ಯಥಾಮತಿ ತುಂಬಲು ಹೊರಟ ಈ ಪ್ರಬಂಧದ ಪ್ರತಿಪಾದನೆ ಒಂದೇ: ಗೃಹಸ್ಥನು ಮೇಲ್ ಬ್ಯಾಕಪ್ ತೆಗೆಯುವುದು ಮುಂದೆಂದಾದರೂ ಓದುವ ಉದ್ದೇಶದಿಂದಲ್ಲ; ಇನ್ನು ಓದಬೇಕಾಗಿಲ್ಲ ಎಂಬ ನೆಮ್ಮದಿಯನ್ನು ಸಂಪಾದಿಸುವ ಉದ್ದೇಶದಿಂದ. ಇನ್‌ಬಾಕ್ಸಿನಲ್ಲಿರುವ ಮೇಲ್ ಕಾಡುತ್ತದೆ, ಉತ್ತರ ಬೇಡುತ್ತದೆ. ಪೆನ್‌ಡ್ರೈವಿಗೆ ಹೋದ ಕ್ಷಣ ಅದು ದಾಖಲೆಯಾಗುತ್ತದೆ, ದಾಖಲೆಗೆ ಉತ್ತರ ಬರೆಯುವ ಪದ್ಧತಿ ಎಲ್ಲಿಯೂ ಇಲ್ಲ. ಸಂಪ್ರದಾಯವೂ ನಮ್ಮ ಪರವಾಗಿದೆ. 1971ರಲ್ಲಿ ಜಾಲದ ಮೂಲಕ ಮೊದಲ ಮೇಲ್ ಕಳಿಸಿದ ರೇ ಟಾಮ್ಲಿನ್ಸನ್, ಅದರಲ್ಲಿ ಏನು ಬರೆದಿದ್ದೆ ಎಂಬುದು ತನಗೆ ನೆನಪಿಲ್ಲ, ನೆನಪಿಡುವಂಥದ್ದೂ ಅದಾಗಿರಲಿಲ್ಲ ಎಂದೇ ಹೇಳುತ್ತಿದ್ದರು. ಈ ಶಾಸ್ತ್ರದ ಆದಿಗ್ರಂಥವೇ ಹೀಗೆ ಅನುಪಲಬ್ಧ.

ಮೊದಲ ಪ್ರಮಾಣವನ್ನು ತಂತ್ರಾಂಶ ಕರ್ತರಿಂದಲೇ ಪಡೆಯಬಹುದು. ಮೇಲ್‌ಗಳನ್ನು ಜನ ಓದುತ್ತಾರೆಂದು ಅವರು ನಂಬಿದ್ದರೆ ಕೈಗೆ ಸಿಗುವಲ್ಲಿ ಇಡುತ್ತಿದ್ದರು. ಹಳೆಯ ಮೇಲ್ ತಂತ್ರಾಂಶವಾದ ಔಟ್‌ಲುಕ್ ಎಕ್ಸ್‌ಪ್ರೆಸ್ ಅವುಗಳನ್ನು ಇಟ್ಟದ್ದು ವಿಂಡೋಸ್ ಮರೆಮಾಡಿದ ಫೋಲ್ಡರಿನೊಳಗಿನ ಫೋಲ್ಡರಿನೊಳಗೆ, ಪುಷ್ಪಾವರಣದ ನಡುವೆ ಉದ್ದಾನುದ್ದ ಸಂಖ್ಯೆ-ಅಕ್ಷರಗಳನ್ನೇ ಹೆಸರಾಗಿ ಹೊತ್ತ ಇನ್ನೊಂದು ಫೋಲ್ಡರಿನ ಗರ್ಭದಲ್ಲಿ. ಥಂಡರ್‌ಬರ್ಡ್ ಕೂಡ ತನ್ನ ಪ್ರೊಫೈಲ್ ಫೋಲ್ಡರಿಗೆ ತಲೆಬುಡವಿಲ್ಲದ ಅಕ್ಷರಗಳನ್ನು ಜೋಡಿಸಿ ನಾಮಕರಣ ಮಾಡುತ್ತದೆ. ಇನ್ನು ಔಟ್‌ಲುಕ್‌ನ ಮೇಲ್‌ಗಳೆಲ್ಲ ತುಂಬಿರುತ್ತಿದ್ದ ಹಳೆಯ ಪಿಎಸ್‌ಟಿ ಫೈಲಿಗೆ 2 ಜಿಬಿ ಎಂಬ ಲಕ್ಷ್ಮಣರೇಖೆಯಿತ್ತು. ಅದನ್ನು ದಾಟಿದ ಫೈಲು ತೆರೆಯುತ್ತಲೇ ಇರಲಿಲ್ಲ. ಇದಕ್ಕೆ ಮೈಕ್ರೋಸಾಫ್ಟ್ ಒದಗಿಸಿದ ಪರಿಹಾರ ತತ್ತ್ವಶಾಸ್ತ್ರೀಯವಾಗಿ ಬಹು ಮುಖ್ಯವಾದದ್ದು. ಫೈಲಿನ ಬಾಲದಿಂದ ಎಷ್ಟು ಎಂಬಿ ಕತ್ತರಿಸಬೇಕೆಂದು ಹೇಳಿದರೆ ಸಾಕು, ಒಂದು ಪುಟ್ಟ ಉಪಕರಣ ಅಷ್ಟನ್ನು ಕತ್ತರಿಸಿಹಾಕಿ ಉಳಿದದ್ದನ್ನು ಕೊಡುತ್ತಿತ್ತು. ಹೋದದ್ದು ಯಾರ ಪತ್ರ, ಮದುವೆಯ ಕರೆಯೋಲೆಯೋ ಬ್ಯಾಂಕಿನ ಜಾಹೀರಾತೋ ಎಂದು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಓದುಗನಿದ್ದಾನೆ ಎಂದು ನಂಬಿದವರು ಗ್ರಂಥದ ಕೊನೆಯ ಪುಟಗಳನ್ನು ತೂಕದ ಲೆಕ್ಕದಲ್ಲಿ ಹರಿಯುವುದಿಲ್ಲ.

ಎರಡನೆಯ ಪ್ರಮಾಣ ಪಠ್ಯದೊಳಗೇ ಇದೆ. ಡಿ. ಎಲ್. ನರಸಿಂಹಾಚಾರ್ ಅವರು ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ಓಲೆಗರಿಗಳಿಗೆ ಅನ್ವಯಿಸಿದ ಶಿಸ್ತನ್ನು ಯಾವುದೇ ಮಧ್ಯಮ ವರ್ಗದ ಪೆನ್‌ಡ್ರೈವಿಗೆ ಅನ್ವಯಿಸಿ ನೋಡಬಹುದು. ಅಲ್ಲಿ ಸಾಮಾನ್ಯವಾಗಿ ‘ಮೇಲ್ ಬ್ಯಾಕಪ್’, ‘ಮೇಲ್ ಬ್ಯಾಕಪ್ ಹೊಸದು’, ‘ಮೇಲ್ ಬ್ಯಾಕಪ್ ಫೈನಲ್’, ‘ಫೈನಲ್ 2’ ಎಂಬ ನಾಲ್ಕು ಪ್ರತಿಗಳು ಕಾಣಸಿಗುತ್ತವೆ. ಇವುಗಳಲ್ಲಿ ಮಾತೃಕೆ ಯಾವುದು? ಕಾಲನಿರ್ಣಯಕ್ಕೆ ಫೈಲಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿದರೆ ವಿದ್ವಾಂಸ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾನೆ. ವಿಂಡೋಸ್‌ನಲ್ಲಿ ನಕಲು ಮಾಡಿದ ಫೈಲಿಗೆ ತಿದ್ದಿದ ದಿನಾಂಕ ಹಳೆಯದೇ ಉಳಿದು, ಹುಟ್ಟಿದ ದಿನಾಂಕ ಮಾತ್ರ ನಕಲಾದ ದಿನದ್ದಾಗುತ್ತದೆ. ಎಂದರೆ ತಿದ್ದಿ ನಾಲ್ಕು ವರ್ಷವಾದ ಮೇಲೆ ಹುಟ್ಟಿದ ಕೃತಿ! ಪಂಪಪೂರ್ವ ಯುಗದ ಕಾಲನಿರ್ಣಯದಲ್ಲಿಯೂ ಇಂಥ ಸಂಕಟ ಒದಗಿದ್ದಿಲ್ಲ. ಪ್ರಕ್ಷೇಪಗಳಿಗೂ ಬರವಿಲ್ಲ. ಮೇಲ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿ ಸಾಲಾಗಿ ಇಡಲು ಥಂಡರ್‌ಬರ್ಡ್ ಬಳಸುವ ಎಂಬಾಕ್ಸ್ ಪದ್ಧತಿಯಲ್ಲಿ ಪ್ರತಿ ಮೇಲ್ ‘ಫ್ರಮ್’ ಎಂಬ ಶಬ್ದದಿಂದ ಶುರುವಾಗಬೇಕು. ಪತ್ರದ ಒಳಗೇ ಯಾವುದಾದರೂ ಸಾಲು ಆ ಶಬ್ದದಿಂದ ಆರಂಭವಾಗಿಬಿಟ್ಟರೆ ಲಿಪಿಕಾರ ತಂತ್ರಾಂಶವು ಅದರ ಮುಂದೆ ಒಂದು ಬಾಣದ ಗುರುತನ್ನು ತಾನೇ ಸೇರಿಸುವುದುಂಟು. ಅಳಿಸಿದ ಮೇಲ್‌ಗಳೂ ‘ಕಂಪ್ಯಾಕ್ಟ್’ ಮಾಡುವ ತನಕ ಫೈಲಿನಲ್ಲಿಯೇ ಇರುತ್ತವೆ. ಹೀಗಾಗಿ ಗೃಹಸ್ಥನು ತಾನು ಬೇಡವೆಂದು ಎಸೆದದ್ದನ್ನೂ ಅಷ್ಟೇ ಶ್ರದ್ಧೆಯಿಂದ ಪೆನ್‌ಡ್ರೈವಿಗೆ ಹೊತ್ತೊಯ್ಯುತ್ತಾನೆ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಕಾಣುವುದು ಬಹುಪಾಲು ಸಾಲಿಗೆ 76 ಅಕ್ಷರಗಳಂತೆ ಪರದೆ ತುಂಬ ಹರಿಯುವ ಅರ್ಥಹೀನ ಲಿಪಿ. ಅದು ಅಟ್ಯಾಚ್‌ಮೆಂಟ್. ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳಾಗಿ ಬರೆಯುವ ಬೇಸ್64 ಕ್ರಮದಿಂದಾಗಿ 3 ಎಂಬಿಯ ಫೋಟೋ 4 ಎಂಬಿಗೂ ಮೀರಿ ಊದಿಕೊಂಡು ಕುಳಿತಿರುತ್ತದೆ. ಸೋದರತ್ತೆಯ ಮಗನ ನಾಮಕರಣದ ಅಂಥ ಹನ್ನೆರಡು ಫೋಟೋಗಳು, ಅವೇ ಹನ್ನೆರಡು ‘ಫಾರ್ವರ್ಡ್’ ಆಗಿ ಮತ್ತೊಮ್ಮೆ, ‘ಸೆಂಟ್’ ಫೋಲ್ಡರಿನಲ್ಲಿ ಮಗದೊಮ್ಮೆ. ಗ್ರಂಥಸ್ಥ ಜ್ಞಾನದ ಪ್ರಮಾಣ ಇಷ್ಟು.

ಇಲ್ಲಿ ಪೂರ್ವಪಕ್ಷವೊಂದು ಎದ್ದು ನಿಲ್ಲುತ್ತದೆ, ಅದು ಗಟ್ಟಿಯಾದದ್ದೇ. ಕೌಟಿಲ್ಯನ ಅರ್ಥಶಾಸ್ತ್ರವೂ ಓಲೆಗರಿಗಳಲ್ಲಿ ಓದುಗರಿಲ್ಲದೆ ಬಹುಕಾಲ ಬಿದ್ದಿರಲಿಲ್ಲವೆ? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಲಿಲ್ಲವೆ? ಇಂದು ಯಾರೂ ಓದದ ಪೆನ್‌ಡ್ರೈವಿಗೂ ನಾಳೆ ಒಬ್ಬ ಶಾಮಶಾಸ್ತ್ರಿ ಸಿಗಬಾರದೇಕೆ? ಸಿಗಬಹುದು. ಆದರೆ ಅಂದಿನ ಶಾಸ್ತ್ರಿಗಳಿಗೆ ಬೇಕಾದದ್ದು ಲಿಪಿಜ್ಞಾನ, ಒಳ್ಳೆಯ ಕಣ್ಣು, ಕಿಟಕಿಯ ಬೆಳಕು. ನಾಳಿನ ಶಾಸ್ತ್ರಿಗಳಿಗೆ ಇವೆಲ್ಲ ಇದ್ದೂ ಸಾಲದು. ಔಟ್‌ಲುಕ್ ಎಕ್ಸ್‌ಪ್ರೆಸ್ ಬೇಕು. ಅದು ವಿಂಡೋಸ್ ಎಕ್ಸ್‌ಪಿಯ ಜೊತೆಗೇ ತೆರೆಮರೆಗೆ ಸರಿಯಿತು, ಮುಂದಿನ ಆವೃತ್ತಿಯಾದ ವಿಸ್ಟಾದಲ್ಲಿ ಅದರ ಹೆಸರಿಲ್ಲ. ಪೆನ್‌ಡ್ರೈವಂತೂ ಅಕ್ಷರವನ್ನು ಕೊರೆದಿಡುವುದಿಲ್ಲ, ವಿದ್ಯುದಾವೇಶವಾಗಿ ಹಿಡಿದಿಡುತ್ತದೆ. ವರ್ಷಾನುಗಟ್ಟಲೆ ಕಂಪ್ಯೂಟರಿಗೆ ಚುಚ್ಚದೆ ಇಟ್ಟರೆ ಆ ಆವೇಶ ತಾನಾಗಿ ಸೋರತೊಡಗುತ್ತದೆ. ಓಲೆಗರಿಯನ್ನು ತಿನ್ನಲು ಗೆದ್ದಲಾದರೂ ಬರಬೇಕಿತ್ತು. ಇಲ್ಲಿ ಅದರ ಖರ್ಚೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಓಲೆಯನ್ನು ಪ್ರತಿ ಮಾಡಿದವನು ಬೆನ್ನು ಬಾಗಿಸಿ ಒಂದೊಂದು ಅಕ್ಷರವನ್ನೂ ಕೊರೆಯುತ್ತ ಒಮ್ಮೆಯಾದರೂ ಅದನ್ನು ಓದಿರುತ್ತಿದ್ದ. ಕಾಪಿ-ಪೇಸ್ಟ್ ಮಾಡುವವನು ಹಸಿರು ಪಟ್ಟಿ ತುಂಬುವುದನ್ನು ನೋಡುತ್ತಾನೆ, ಅದೂ ಅರ್ಧದವರೆಗೆ, ಆಮೇಲೆ ಕಾಫಿಗೆ ಎದ್ದು ಹೋಗುತ್ತಾನೆ.

ಎರಡನೆಯ ಆಕ್ಷೇಪ ಆಧುನಿಕರದು: ಎಲ್ಲವೂ ಕ್ಲೌಡ್‌ನಲ್ಲಿರುವಾಗ ಈ ಚರ್ಚೆಯೇಕೆ? 2011ರ ಫೆಬ್ರವರಿಯಲ್ಲಿ ಒಂದು ತಂತ್ರಾಂಶ ದೋಷದಿಂದ ಜಿಮೇಲ್‌ನ ಸಣ್ಣದೊಂದು ಪಾಲು ಬಳಕೆದಾರರ ಅಂಚೆಪೆಟ್ಟಿಗೆಗಳು ಖಾಲಿಯಾಗಿ ಕಂಡವು. ಹಲವು ಡೇಟಾ ಸೆಂಟರುಗಳಲ್ಲಿ ಇಟ್ಟ ಪ್ರತಿಗಳಿಗೂ ಅದೇ ದೋಷ ತಗುಲಿತ್ತು. ಕೊನೆಗೆ ಗೂಗಲ್ ಅವನ್ನು ಮರಳಿ ತಂದದ್ದು, ಯಾವ ಜಾಲಕ್ಕೂ ಜೋಡಿಸದೆ ಇಟ್ಟಿದ್ದ ಟೇಪುಗಳಿಂದ. ಹಾಗಾದರೆ ಬ್ಯಾಕಪ್ ಸಾರ್ಥಕವಾಯಿತಲ್ಲ ಎಂದು ಎದುರಾಳಿ ಕುಣಿಯಬಹುದು. ಕುಣಿಯಲಿ. ಅಲ್ಲಿ ಕಳೆದುಕೊಂಡವರು ಮೇಲ್ ಕಳೆದುಹೋದದ್ದನ್ನು ಅಂದೇ ಗಮನಿಸಿದರು, ಏಕೆಂದರೆ ಅವರು ಅದನ್ನು ಓದುವವರಾಗಿದ್ದರು. ಇಟ್ಟವರಿಗೂ ತೆಗೆದು ತೋರಿಸುವ ವಿದ್ಯೆ ಗೊತ್ತಿತ್ತು. ನಮ್ಮ ಗೃಹಸ್ಥನ ಪೆನ್‌ಡ್ರೈವ್ ಇರುವುದು ಬೀರುವಿನ ಲಾಕರಿನಲ್ಲಿ, ಎಲ್‌ಐಸಿ ಬಾಂಡು, ಮನೆಯ ಖಾತಾ ಪತ್ರ, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಎರಡು ಬೀಗದ ಕೈಗಳ ಪಕ್ಕದಲ್ಲಿ. ಅದು ಕೆಟ್ಟಿದೆಯೋ ಇಲ್ಲವೋ ತೆರೆಯದೆ ತಿಳಿಯುವುದಿಲ್ಲ, ತೆರೆಯುವುದಿಲ್ಲವಾದ್ದರಿಂದ ಅದು ಕೆಡುವ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಭದ್ರವಾದ ತಳಹದಿ ಬೇಕಿಲ್ಲ. ಆದಾಯ ತೆರಿಗೆಯ ನೋಟಿಸ್ ಬಂದರೆ ಹಳೆಯ ಮೇಲ್ ಬೇಕಾಗುವುದಿಲ್ಲವೆ ಎಂಬ ಮೂರನೆಯ ಆಕ್ಷೇಪಕ್ಕೆ ಉತ್ತರ ಚಿಕ್ಕದು: ಬೇಕಾಗುತ್ತದೆ, ಆಗ ಆಡಿಟರಿಗೆ ಫೋನ್ ಮಾಡುತ್ತಾರೆ.

ಇಷ್ಟು ಓದಿಯೂ ಬ್ಯಾಕಪ್ ತೆಗೆಯುತ್ತೇನೆ, ತೆಗೆದದ್ದನ್ನು ಓದಿಯೇ ಓದುತ್ತೇನೆ ಎಂದು ಹಟ ಹಿಡಿಯುವ ಓದುಗರು ಇರಬಹುದು. ಅವರಿಗೆ ಕರ್ಮಕಾಂಡದ ನಾಲ್ಕು ಮಾತು ಹೇಳದೆ ಬಿಡುವುದು ಸರಿಯಲ್ಲ. ನಕಲಿಗೆ ಮೊದಲು ಮೇಲ್ ತಂತ್ರಾಂಶವನ್ನು ಪೂರ್ತಿ ಮುಚ್ಚಿ. ಎರಡು ಪ್ರತಿ ಮಾಡಿ, ಒಂದನ್ನು ಮನೆಯ ಹೊರಗೆ ಇಡಿ. ಬೇರೊಂದು ಕಂಪ್ಯೂಟರಿನಲ್ಲಿ ಅದರಿಂದ ಒಂದು ಹಳೆಯ ಮೇಲ್ ತೆರೆದು ನೋಡಿ. ಪೆನ್‌ಡ್ರೈವ್ ಫ್ಯಾಟ್32 ಕ್ರಮದಲ್ಲಿದ್ದರೆ 4 ಜಿಬಿಯ ಫೈಲು ಅದರಲ್ಲಿ ಹಿಡಿಸದು, ಎಷ್ಟೇ ಜಾಗ ಖಾಲಿಯಿದ್ದರೂ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಬೇಕು. ಫಾರ್ಮ್ಯಾಟ್ ಒತ್ತುವ ಮುಂಚೆ ಒಳಗೆ ಏನಿದೆ ಎಂದು ಒಮ್ಮೆ ನೋಡಿ. ಬಹುಶಃ ಹೋದ ಸಲದ ಬ್ಯಾಕಪ್ ಇರುತ್ತದೆ.