ರಂಗೋಲಿಪುಡಿಯಲ್ಲಿ ಒಂದು ಊರು

ಪಕ್ಕದ್ಮನೆ ಹುಡುಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಅದೇ ಜಿಕೆವಿಕೆಯಲ್ಲಿ, ಬಿ.ಎಸ್ಸಿ. ಕೃಷಿ ಕೊನೇ ವರ್ಷ ಓದ್ತಿದ್ದಾಳಲ್ಲ, ದೊಡ್ಡಬಳ್ಳಾಪುರದ ಕಡೆ ಹಳ್ಳಿವಾಸ ಮುಗಿಸಿ ಬಂದಿದ್ದಾಳೆ. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದರ ಪೂರ್ತಿ ಹೆಸರು, ಹುಡುಗರ ಬಾಯಲ್ಲಿ ಬರೀ ‘ರಾವೆ’. ಬಂದಾಗಿನಿಂದ ಕಾಂಪೌಂಡ್ ಗೋಡೆಗೆ ಒರಗಿಕೊಂಡು ಕಥೆ ಹೇಳ್ತಾಳೆ. ಅತ್ತ ಅವರಮ್ಮನ ಒಗ್ಗರಣೆ ಸೀದರೂ ನಮಗೆ ಗಮನವಿಲ್ಲ.

ಊರಿಗೆ ಹೋದ ಹೊಸದರಲ್ಲಿ ಗುಡಿ ಮುಂದಿನ ಬಯಲಲ್ಲಿ ಇಡೀ ಊರಿನ ನಕ್ಷೆ ಬಿಡಿಸಬೇಕಂತೆ. ಹಾಳೆ ಮೇಲಲ್ಲ, ನೆಲದ ಮೇಲೆ, ರಂಗೋಲಿಪುಡಿಯಲ್ಲಿ! ಕೆರೆಗೆ ನೀಲಿ, ತೋಟಕ್ಕೆ ಹಸಿರು, ದಾರಿಗೆ ಬಿಳಿ. ಇವರು ಅಳೆದು ಸುರಿದು ಗೆರೆ ಎಳೀತಿದ್ರೆ, ಸುತ್ತ ನಿಂತ ಅಜ್ಜಿಯರು ಸುಮ್ಮನಿರ್ತಾರಾ? ‘ಅಯ್ಯೋ ಕೂಸೇ, ಬಾವಿ ಅಲ್ಲಿಲ್ಲ, ಅರಳಿಕಟ್ಟೆಯಿಂದ ಈಚೆಗೆ’ ಅಂತ ಒಬ್ಬರು, ಪುಡಿ ಬಟ್ಟಲು ಕಿತ್ತುಕೊಂಡು ತಾವೇ ಬಿಡಿಸೋರು ಇನ್ನೊಬ್ಬರು. ಬತ್ತಿ ಹೋದ ಬಾವಿಗೂ ಅವರು ಜಾಗ ಬಿಟ್ಟರಂತೆ, ನೋಡಿ. ಸರ್ಕಾರಿ ನಕ್ಷೆಯಲ್ಲಿ ಅಂಥದ್ದಕ್ಕೆಲ್ಲ ಜಾಗ ಇರುತ್ತಾ?

ಮಣ್ಣಿನ ಮಾದರಿ ತೆಗೆಯೋದನ್ನೂ ಅಲ್ಲೇ ಕೈಯಾರೆ ಕಲಿತಳು. ನಾನಂತೂ ಒಂದು ಹಿಡಿ ಮಣ್ಣು ಪೊಟ್ಟಣ ಕಟ್ಟಿ ಪ್ರಯೋಗಾಲಯಕ್ಕೆ ಕೊಟ್ಟರಾಯ್ತು ಅಂದ್ಕೊಂಡಿದ್ದೆ. ಹಾಗಲ್ವಂತೆ. ಹೊಲದಲ್ಲಿ ಅಂಕುಡೊಂಕಾಗಿ ನಡೀತಾ, ಅಲ್ಲಲ್ಲಿ ಆರಿಂಚು ಆಳಕ್ಕೆ ವಿ ಆಕಾರದ ಗುಂಡಿ ತೋಡಿ, ಅದರ ಗೋಡೆಯನ್ನು ಮೇಲಿಂದ ಕೆಳತನಕ ತೆಳ್ಳಗೆ ಕೆರೆದು ತೆಗೀಬೇಕು. ಎಲ್ಲಾ ಮಣ್ಣನ್ನೂ ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಬೇಕು. ಮತ್ತೆ ಬೆರೆಸು, ಮತ್ತೆ ನಾಲ್ಕು ಪಾಲು, ಅರ್ಧ ಕೆಜಿ ಉಳಿಯೋ ತನಕ. ಬದುವಿನ ಹತ್ತಿರ ಬೇಡ, ಮರದ ಬುಡದಲ್ಲಿ ಬೇಡ, ತಿಪ್ಪೆ ಹಾಕಿದ್ದ ಕಡೆ ಸುತರಾಂ ಬೇಡ. ಹೋದ ವರ್ಷ ತಿಪ್ಪೆ ಎಲ್ಲಿತ್ತು ಅಂತ ಯಾವ ಪುಸ್ತಕದಲ್ಲಿರುತ್ತೆ ಹೇಳಿ? ಹೊಲದ ಯಜಮಾನನನ್ನೇ ಕೇಳಬೇಕು. ನನಗೆ ಬಹಳ ಹಿಡಿಸಿದ್ದು ಇದೇ. ಕಲಿಸೋಕೆ ಹೋದವರು ಮೊದಲು ಕೇಳಲೇಬೇಕಾಗುತ್ತೆ, ಅಲ್ವಾ?

ನಮ್ಮ ಕಾಲದಲ್ಲಿ ನಮಗಿದ್ದದ್ದು ರಾಷ್ಟ್ರೀಯ ಸೇವಾ ಯೋಜನೆ, ಅಂದ್ರೆ ಎನ್‌ಎಸ್‌ಎಸ್. ಗಾಂಧೀಜಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದದ್ದು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಅದರ ಮೇಲೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. ಬ್ಯಾಡ್ಜ್ ಮೇಲೆ ಕೋನಾರ್ಕದ ರಥಚಕ್ರ, ಅದಕ್ಕೆ ಎಂಟು ಅರೆಕಾಲು. ದಿನದ ಎಂಟು ಜಾವವೂ ಸೇವೆಗೆ ಸಿದ್ಧ ಅಂತ ಅರ್ಥ! ನಾನು ಗುದ್ದಲಿ ಹಿಡಿಯೋದು ಕಲಿತದ್ದು ಆ ಶಿಬಿರದಲ್ಲೇ. ತೋಳಿನ ಬಲದಿಂದಲ್ಲ, ಅದರ ಭಾರಕ್ಕೇ ಬೀಳೋಕೆ ಬಿಡಬೇಕು ಅಂತ ತೋರಿಸಿಕೊಟ್ಟದ್ದು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಹಿರಿಯರು. ಇವತ್ತಿಗೂ ಅಂಗಳದಲ್ಲಿ ಗುದ್ದಲಿ ಎತ್ತಿದರೆ ಅವರು ನೆನಪಾಗ್ತಾರೆ.

ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯವರೂ ಹಿಂದೆ ಹಳ್ಳಿ ಹಾದಿ ಹಿಡಿದಿದ್ದರಲ್ಲ! 1974ರಲ್ಲಿ ಅಲ್ಲಿನ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸೋಕೆ ‘ಅಸ್ತ್ರ’ ಅನ್ನೋ ತಂಡ ಕಟ್ಟಿ, ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಒಂದೇ ಉರಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ. ಒಲೆ ಮಾಡೋರಿಗೆ ಉರಿಯ ಲೆಕ್ಕ ಒಂದೇ ಸಾಲದು ನೋಡಿ. ಮುದ್ದೆ ತೊಳಸುವಾಗ ಪಾತ್ರೆ ಅಲುಗಾಡಬಾರದಲ್ಲ, ಅದು ಗೊತ್ತಿರೋದು ಕೋಲು ಹಿಡಿದ ಕೈಗೆ.

ಅಂದಹಾಗೆ ನಮ್ಮ ಪಕ್ಕದ್ಮನೆ ಹುಡುಗಿಗೆ ಈಗ ರಾಗಿ ನಾಟಿ ಬರುತ್ತೆ, ಕುಂಟೆ ಹೊಡೆಯೋದು ಬರುತ್ತೆ, ಹಾಲು ಕರೆಯೋದೂ ಬರುತ್ತೆ. ಒದ್ದೆ ಬಟ್ಟೆಯಲ್ಲಿ 100 ಕಾಳು ಸುತ್ತಿಟ್ಟು, ಎಷ್ಟು ಮೊಳೆತವು ಅಂತ ಎಣಿಸಿ ಬೀಜ ಪರೀಕ್ಷೆ ಮಾಡ್ತಾಳೆ. ಬಳ್ಳಾರಿ ರಸ್ತೆಯ ಮೇಲ್ಸೇತುವೆ ನೋಡ್ತಾ ಬೆಳೆದ ಮಗು ರೀ ಅದು!

ಅದಕ್ಕೇ ಹೇಳ್ತೀನಿ, ನಿಮ್ಮ ಮಕ್ಕಳು ಕಾಲೇಜಿಂದ ಶಿಬಿರದ ಒಪ್ಪಿಗೆ ಪತ್ರ ತಂದರೆ ಟ್ಯೂಷನ್ನು, ಬಿಸಿಲು ಅಂತ ನೆಪ ತೆಗೀಬೇಡಿ. ಸಹಿ ಹಾಕಿ ಕಳಿಸಿಬಿಡಿ.